ಪೀಣ್ಯದಿಂದ ಐಟಿಗೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವ ನಾನು ಈಗ ಐಟಿ ಕೆಲಸ ಹಿಡಿಯಲೆಂದು ಸಂಜೆ ಹೊತ್ತು ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ ಕಲಿಯುತ್ತಿದ್ದೇನೆ. ಕಾಲ ಸರಿಯಿಲ್ಲ, ಗೊತ್ತು. 2025ರ ಜುಲೈನಲ್ಲಿ ಟಿಸಿಎಸ್‌ನಂಥ ಕಂಪನಿಯೇ ಸುಮಾರು 12,000 ಹುದ್ದೆಗಳ ಕಡಿತ ಘೋಷಿಸಿತು. ಹೊಸಬರ ಪಾಲಿನ ಸಣ್ಣಪುಟ್ಟ ಕೋಡಿಂಗ್ ಎಐಗೂ ಬರುತ್ತದೆ.

ಹಾಗಾಗಿ ‘ಕೆಲಸ ಗ್ಯಾರಂಟಿ’ ಎನ್ನುವ ದುಬಾರಿ ಕೋರ್ಸಿಗೆ ಸಾಲ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಐಐಟಿ ಅಧ್ಯಾಪಕರ ಪಾಠಗಳು ಎನ್‌ಪಿಟೆಲ್ ಜಾಲತಾಣದಲ್ಲಿ ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿದರಾಯಿತು.

ಕಾರ್ಖಾನೆಯಲ್ಲಿ ದುಡಿದ ನಮಗೆ ಒಂದು ಅನುಕೂಲವೂ ಇದೆ. ಯಾವ ಬ್ಯಾಚಿನಲ್ಲಿ ರಿಜೆಕ್ಷನ್ ಏಕೆ ಹೆಚ್ಚುತ್ತದೆ, ಸ್ಟೋರ್ಸ್ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಬರೀ ಕೋಡ್ ಬಲ್ಲವರಿಗೆ ಸುಲಭಕ್ಕೆ ತಿಳಿಯದು. ಕಾರ್ಖಾನೆಗಳ ದಾಸ್ತಾನು, ಉತ್ಪಾದನೆಯ ಲೆಕ್ಕ ಇಡುವ ಇಆರ್‌ಪಿ ತಂತ್ರಾಂಶ ಪರೀಕ್ಷಿಸುವ ಕೆಲಸಕ್ಕೆ ಈ ಅನುಭವವೇ ಬಂಡವಾಳ. ಇನ್‌ಸ್ಪೆಕ್ಷನ್ ವರದಿಯ ಮಾದರಿಯಲ್ಲೇ ಪುಟ್ಟ ಡೇಟಾಬೇಸ್ ಕಟ್ಟಿದ್ದೇನೆ. ಸಂದರ್ಶನದಲ್ಲಿ ಅದನ್ನೇ ತೋರಿಸುತ್ತೇನೆ. ಹೊಸ ಕೆಲಸ ಸಿಗುವವರೆಗೆ ಈಗಿನ ಕೆಲಸ ಬಿಡುವುದಿಲ್ಲ.