ಬೀಡಿ ಕಾಲಿಗೂ ಬರುತ್ತದೆ

ಬೀಡಿ ಸೇದಿದರೆ ಕೆಮ್ಮು ಬರುತ್ತದೆ, ದಮ್ಮು ಬರುತ್ತದೆ, ಎದೆ ಕೆಡುತ್ತದೆ ಅನ್ನುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸೇದುತ್ತೇವೆ, ಆ ಮಾತು ಬೇರೆ. ಆದರೆ ಬೀಡಿಯಿಂದ ಕಾಲು ಹೋಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಎಡಗಾಲಿನ ಎರಡು ಬೆರಳು ಕಳಕೊಂಡ ಮೇಲೆ ತಿಳಿಯಿತು. ಮಳೆ ನಂಬಿ ಬದುಕುವ ನಮ್ಮಂಥ ರೈತರಿಗೆ ಕಾಲೇ ಬಂಡವಾಳ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನದು ಚಳ್ಳಕೆರೆ ಕಡೆ ಏಳು ಎಕರೆ ಮಸಾರಿ ಹೊಲ. ಶೇಂಗಾ, ಅಕ್ಕಡಿಗೆ ತೊಗರಿ, ಅಲಸಂದೆ. ಬೀಡಿ ಕಲಿತದ್ದು ಅಡುಗೆ ಮನೆಯಲ್ಲಿ ಅಂದರೆ ನಗಬೇಡಿ. ಅಪ್ಪ ಜಗಲಿ ಮೇಲೆ ಕೂತು “ಒಲೇಲಿ ಹಚ್ಕಂಡು ಬಾರಲೇ” ಅಂತ ಬೀಡಿ ಕೊಡುತ್ತಿದ್ದರು. ಕೆಂಡಕ್ಕೆ ಹಿಡಿದು ತಂದರೆ ಜಗಲಿಗೆ ಬರೋದರೊಳಗೆ ಆರಿಹೋಗುತ್ತಿತ್ತು. ಆರದ ಹಾಗೆ ಎರಡು ದಮ್ಮು ಎಳೆದು ತರುತ್ತಿದ್ದೆ. ಆಗ ನನಗೆ ಹನ್ನೆರಡೋ ಹದಿಮೂರೋ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದನದ ಹಿಂದೆ ಹೋದ ಮೇಲೆ ಸ್ವಂತ ಕಟ್ಟೇ ಆಯಿತು. ಮೂವತ್ತರ ಹೊತ್ತಿಗೆ ದಿನಕ್ಕೆ ಎರಡು ಕಟ್ಟು.

2005ರ ಮುಂಗಾರಿನಲ್ಲಿ ಶೇಂಗಾಕ್ಕೆ ಎಡೆಕುಂಟೆ ಹೊಡೆಯುತ್ತಿದ್ದೆ. ನಾಲ್ಕೈದು ಸಾಲು ಹೋಗಿ ಬರೋದರಲ್ಲಿ ಎಡಗಾಲಿನ ಅಂಗಾಲು, ಮೀನಖಂಡ ಹಗ್ಗ ಬಿಗಿದ ಹಾಗೆ ಹಿಡಿಯುತ್ತಿತ್ತು. ಬದುವಿನ ಮೇಲೆ ಎರಡು ನಿಮಿಷ ಕೂತರೆ ಹೋಗುತ್ತಿತ್ತು. ಮತ್ತೆ ನಾಲ್ಕು ಸಾಲು, ಮತ್ತೆ ನೋವು. ಕೂತಾಗ ಸುಮ್ಮನೆ ಕೂರುತ್ತೇನೆಯೇ? ಬೀಡಿ ಹಚ್ಚುತ್ತಿದ್ದೆ. ನೋವು ಇಳಿಯುತ್ತಿದ್ದದ್ದು ಬೀಡಿಯಿಂದ ಅಂತಲೇ ನಂಬಿದ್ದೆ ನೋಡಿ!

ವಾಯು ಅಂದರು, ನರ ಹಿಡಿದಿದೆ ಅಂದರು. ಎಣ್ಣೆ ತಿಕ್ಕಿಸಿದೆ, ಸೂಜಿ ಹಾಕಿಸಿದೆ. ಒಂದೂವರೆ ವರ್ಷ ಹೀಗೇ ಕಳೆಯಿತು. 2006ರ ಚಳಿಗಾಲಕ್ಕೆ ಮಲಗಿದರೂ ನೋವು. ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸ್ವಲ್ಪ ಸಮಾಧಾನ. ಹಾಗೇ ಕೂತು ಬೆಳಗು ಮಾಡಿದ ರಾತ್ರಿಗಳು ಎಷ್ಟೋ. ಅಷ್ಟರಲ್ಲಿ ಕಿರುಬೆರಳಿಗೆ ಜಾಲಿ ಮುಳ್ಳು ಚುಚ್ಚಿತು. ಜಾಲಿ ಮುಳ್ಳು ನಮಗೆ ಹೊಸದಲ್ಲ, ಆದರೆ ಈ ಗಾಯ ಮಾಯಲಿಲ್ಲ. ಬೆರಳು ನೀಲಿಗಟ್ಟಿತು, ಆಮೇಲೆ ಕಪ್ಪಾಯಿತು.

ದಾವಣಗೆರೆಗೆ ಹೋದೆ. ಡಾಕ್ಟರು ಗಾಯ ನೋಡುವ ಮೊದಲು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಹಿಮ್ಮಡಿಯ ಒಳಮಗ್ಗುಲಲ್ಲೂ ಹುಡುಕಿದರು. ಸಿಗಲಿಲ್ಲ. “ದಿನಕ್ಕೆ ಎಷ್ಟು ಬೀಡಿ?” ಅಂತ ಕೇಳಿದರು. ನಾನು ಬೀಡಿ ಸೇದುತ್ತೇನೆ ಅಂತ ಹೇಳಿರಲೇ ಇಲ್ಲ.

ಇದಕ್ಕೆ ಬರ್ಗರ್ ಕಾಯಿಲೆ ಅಂತ ಹೆಸರು. ಲಿಯೋ ಬರ್ಗರ್ ಅನ್ನುವ ಅಮೆರಿಕದ ಡಾಕ್ಟರು 1908ರಲ್ಲಿ ವಿವರವಾಗಿ ಬರೆದದ್ದರಿಂದ ಆ ಹೆಸರು. ತಂಬಾಕು ಮುಟ್ಟದವರಿಗೆ ಇದು ಬರುವುದಿಲ್ಲ ಅಂತಲೇ ಹೇಳಬಹುದು. ಬರುವುದು ಹೆಚ್ಚಾಗಿ ಗಂಡಸರಿಗೆ, ಅದೂ ನಲವತ್ತೈದರ ಒಳಗೆ, ದುಡಿಯುವ ವಯಸ್ಸಿನಲ್ಲೇ. ನಮ್ಮ ದೇಶದಲ್ಲಿ ಬೀಡಿ ಸೇದುವ ಬಡವರಲ್ಲಿ ಇದು ಜಾಸ್ತಿ. ಕೈಕಾಲಿನ ಸಣ್ಣ ರಕ್ತನಾಳಗಳು ಒಳಗೇ ಬಾತು, ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಡ್ರಿಪ್ ಪೈಪಿನಲ್ಲಿ ಕಸ ಕಟ್ಟಿದರೆ ಕೊನೇ ಗಿಡ ಮೊದಲು ಒಣಗುವುದಿಲ್ಲವೇ, ಹಾಗೆ ನಮ್ಮ ದೇಹದಲ್ಲಿ ಕಾಲ್ಬೆರಳು. ನಡೆಯುವಾಗ ಮಾಂಸಖಂಡಕ್ಕೆ ರಕ್ತ ಜಾಸ್ತಿ ಬೇಕು, ಸಿಗುವುದಿಲ್ಲ, ಅದಕ್ಕೆ ನೋವು. ಕೂತರೆ ಬೇಡಿಕೆ ಕಡಿಮೆ, ನೋವು ಇಳಿಯುತ್ತದೆ. ನನ್ನ ಬೀಡಿಯ ಮಹಿಮೆ ಇಷ್ಟೇ.

ಬೀಡಿ ಸಣ್ಣದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ವಾದಿಸುವವರುಂಟು. ನಾನೂ ವಾದಿಸಿದವನೇ. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಬಹಳ ಕಡಿಮೆ ಇರುವುದು ನಿಜ. ಆದರೆ ಸುತ್ತಿದ ಎಲೆಗೆ ಕಾಗದದ ಹಾಗೆ ಗಾಳಿಯಾಡುವುದಿಲ್ಲ. ಬಿಟ್ಟರೆ ಆರುತ್ತದೆ, ಆರದಿರಲು ಜೋರಾಗಿ, ಮತ್ತೆ ಮತ್ತೆ ಎಳೆಯಬೇಕು. ಹಾಗಾಗಿ ಅಷ್ಟು ಸಣ್ಣದರಿಂದಲೂ ನಿಕೋಟಿನ್, ಟಾರು, ಕಾರ್ಬನ್ ಮೊನಾಕ್ಸೈಡು ಸಿಗರೇಟಿಗಿಂತ ಕಡಿಮೆಯೇನೂ ಒಳಗೆ ಹೋಗುವುದಿಲ್ಲ. 2008ರಲ್ಲಿ ಪ್ರಕಟವಾದ ಇಡೀ ದೇಶದ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರ ಆಯುಸ್ಸು ಸುಮಾರು 6 ವರ್ಷ ಕಡಿಮೆ, ಸಿಗರೇಟಿನವರದ್ದು 10 ವರ್ಷ. ಕ್ಷಯದ ಮಾತೂ ಇದೆ. ತಮಿಳುನಾಡಿನಲ್ಲಿ ಸತ್ತವರ ಲೆಕ್ಕ ಹಿಡಿದು ನೋಡಿದಾಗ (2003) ಸೇದುವ ಗಂಡಸರು ಕ್ಷಯದಿಂದ ಸಾಯುವುದು ಸೇದದವರಿಗಿಂತ ನಾಲ್ಕು ಪಟ್ಟು ಹೆಚ್ಚು ಅಂತ ಕಂಡುಬಂತು.

ಎರಡು ಬೆರಳು ತೆಗೆದರು. “ಇವತ್ತಿಂದ ಒಂದೂ ಸೇದಬಾರದು. ಕಮ್ಮಿ ಮಾಡ್ತೀನಿ ಅಂದ್ರೆ ನಡೆಯಲ್ಲ, ಈ ಕಾಯಿಲೆಗೆ ದಿನಕ್ಕೆ ಒಂದು ಬೀಡೀನೂ ಸಾಕು” ಅಂದರು ಡಾಕ್ಟರು. ಮೊದಲ ನಾಲ್ಕು ದಿನ ಹುಚ್ಚು ಹಿಡಿದ ಹಾಗಾಗಿತ್ತು. ಸುಮ್ಮಸುಮ್ಮನೆ ಸಿಟ್ಟು, ನಿದ್ದೆಯಿಲ್ಲ. ಕೈಗೆ ಕೆಲಸ ಬೇಕು ಅಂತ ಶೇಂಗಾ ಸುಲಿದು ಸುಲಿದು ತಿಂದೆ. ನಡುವೆ ಬುದ್ಧಿ ಓಡಿಸಿ ಕಡ್ಡಿಪುಡಿ ಶುರು ಮಾಡಿದೆ, ಹೊಗೆ ಇಲ್ಲವಲ್ಲ ಅಂತ. ಅದರಲ್ಲೂ ಅದೇ ನಿಕೋಟಿನ್ ಅಂತ ಬೈಸಿಕೊಂಡೆ. ಮೂರು ವಾರ ಕಳೆದ ಮೇಲೆ ಹಿಡಿತ ಸಡಿಲವಾಯಿತು. ಗಾಯ ಮಾಯಲು ಇನ್ನೂ ಮೂರು ತಿಂಗಳು. ಪೂರ್ತಿ ಬಿಟ್ಟವರಲ್ಲಿ ಕಾಲು ಕತ್ತರಿಸುವ ಪ್ರಸಂಗ ಬರುವುದು ಅಪರೂಪ ಅಂತ ಡಾಕ್ಟರು ಹೇಳಿದ್ದರು. ನನ್ನ ಮಟ್ಟಿಗೆ ಇಲ್ಲಿಯವರೆಗೆ ಹಾಗೇ ನಡೆದಿದೆ.

ಖರ್ಚಿನ ಮಾತು. ಆಗ ಕಟ್ಟಿಗೆ ಐದು ರೂಪಾಯಿಯಂತೆ ವರ್ಷಕ್ಕೆ 3,650 ರೂಪಾಯಿ, ಸುಮಾರು ಒಂದೂವರೆ ಕ್ವಿಂಟಲ್ ಶೇಂಗಾ ಕಾಯಿಯ ದುಡ್ಡು. ಆಸ್ಪತ್ರೆಗೆ ಎತ್ತಿನ ಜೋಡಿ ಮಾರಿದೆ. ಆ ವರ್ಷ ಬಾಡಿಗೆ ಎತ್ತು ಕಾಯ್ದು ಕೂರಿಗೆ ಹೂಡುವಾಗ ಹದ ತಪ್ಪಿತ್ತು. ಅರ್ಧ ಹೊಲ ಬೀಳು. ಮನೆಯಾಕೆ ಕೂಲಿಗೆ ಹೋದಳು. ದೊಡ್ಡ ಮಗ ಒಂಬತ್ತನೇ ಕ್ಲಾಸಿನಲ್ಲಿದ್ದ, ಒಂದು ವರ್ಷ ಶಾಲೆ ಬಿಟ್ಟ. ಬೆರಳಿನ ವಿಷಯ ನಾನು ಮರೆತೇನು, ಇದನ್ನು ಮರೆಯಲಾರೆ.

ಬಿಡುವುದಕ್ಕಿಂತ ಕಷ್ಟ ಬಿಟ್ಟವನಾಗಿ ಬಾಳುವುದು. ನಮ್ಮಲ್ಲಿ ಕೂಲಿಯವರಿಗೆ ದುಡ್ಡಿನ ಜೊತೆ ಬೀಡಿ ಕಟ್ಟು ಕೊಡುವ ರೂಢಿ. ಕೊಡದಿದ್ದರೆ ಜಿಪುಣ ಅನ್ನುತ್ತಾರೆ. ಮದುವೆ ಮಾತುಕತೆಗೂ ತಟ್ಟೆಯಲ್ಲಿ ಎಲೆ ಅಡಿಕೆ ಪಕ್ಕ ಬೀಡಿ. ಬೇಡ ಅಂದರೆ “ಯಾಕಣ್ಣಾ, ನಮ್ ಬೀಡಿ ಸೇರಲ್ವಾ?” ಅಂತ ಮುಖ ಸಣ್ಣದು ಮಾಡುತ್ತಾರೆ. ನಾನು ಈಗ ಕೂಲಿಯವರಿಗೆ ಬೀಡಿ ಬದಲು ಟೀ, ಮಂಡಕ್ಕಿ ಕೊಡುತ್ತೇನೆ. ಮೊದಮೊದಲು ಗೊಣಗಿದರು. ಹುಡುಗರನ್ನು ಅಂಗಡಿಗೆ ಬೀಡಿ ತರಲು ಕಳಿಸುವುದಂತೂ ತಪ್ಪೇ. 2003ರ ಕಾಯ್ದೆ 18 ವರ್ಷದೊಳಗಿನವರಿಗೆ ಮಾರಬಾರದು ಅಂದಿತ್ತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಅದು 21 ಆಯಿತು. ನಮ್ಮೂರ ಅಂಗಡಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ.

ಸೇದುವವರು ಒಂದು ಕೆಲಸ ಮಾಡಿ. ಪಾದದ ಮೇಲ್ಭಾಗದ ನಡುವೆ, ಹೆಬ್ಬೆರಳ ನರದ ಪಕ್ಕ, ಎರಡು ಬೆರಳು ಮೆಲ್ಲಗೆ ಇಟ್ಟು ನೋಡಿ. ನಾಡಿ ಹೊಡೆಯುವುದು ತಿಳಿಯಬೇಕು. ಕೆಲವರಿಗೆ ಹುಟ್ಟಿನಿಂದಲೇ ಅಲ್ಲಿ ಸಿಗುವುದಿಲ್ಲ, ಗಾಬರಿ ಬೇಡ. ಆದರೆ ನಾಡಿ ಇಲ್ಲ, ಪಾದ ತಣ್ಣಗಿದೆ, ನಡೆದರೆ ನೋವು, ನಿಂತರೆ ಇಲ್ಲ ಅಂದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ. ಬಿಡಲು ಸಲಹೆ ಬೇಕಾದವರಿಗೆ ಸರ್ಕಾರದ ಉಚಿತ ಫೋನ್ ಇದೆ: 1800 112 356.

ಹೋದ ಸುಗ್ಗಿಯಲ್ಲಿ ಪಕ್ಕದ ಹೊಲದ ಹುಡುಗ, ಮೂವತ್ತೊಂದು ವಯಸ್ಸು, ಕುಂಟುತ್ತಾ ಬಂದು ಬದುವಿನ ಮೇಲೆ ಕೂತ. ಜೇಬಿಗೆ ಕೈ ಹಾಕಿದ. ನಾನು ಅವನ ಪಾದ ಮುಟ್ಟಿ ನೋಡಿದೆ, ತಣ್ಣಗಿತ್ತು. ಮಾರನೇ ದಿನವೇ ದಾವಣಗೆರೆಗೆ ಕರಕೊಂಡು ಹೋದೆ. ಅವನಿಗೆ ಗಾಯ ಇನ್ನೂ ಆಗಿಲ್ಲ. ಎರಡು ಕಟ್ಟಿನಿಂದ ದಿನಕ್ಕೆ ಎರಡು ಬೀಡಿಗೆ ಇಳಿದಿದ್ದಾನೆ. ಆ ಎರಡು ಬಿಡಿಸಲು ದಿನಾ ಸಂಜೆ ಅವನ ಮನೆಗೆ ಹೋಗಿ ಕೂರುತ್ತಿದ್ದೇನೆ.