ನಿಮಗಿದು ಗೊತ್ತೇ? ‘ಲೂಸಿಯಾ’ ಮಾತ್ರೆ, ಟಾರ್ಚು ಮತ್ತು 51 ಲಕ್ಷ

* ಕನ್ನಡ ಚಿತ್ರ ‘ಲೂಸಿಯಾ’ದ ಹೆಸರು ನಾಯಕಿಯದಲ್ಲ, ಮಾತ್ರೆಯದು. ನಿದ್ದೆ ಹತ್ತದ ನಾಯಕ ನಿಕ್ಕಿ ಅದನ್ನು ನುಂಗಿದರೆ ನಿದ್ದೆಯ ಜೊತೆಗೆ ಕನಸೂ ಬರುತ್ತದೆ. ನಿನ್ನೆ ನಿಂತಲ್ಲಿಂದಲೇ ಇವತ್ತು ಶುರುವಾಗುವ ಕನಸು, ಥೇಟ್ ಧಾರಾವಾಹಿಯ ಹಾಗೆ!

* ಇದು ಕನಸೇ ಎಂಬ ಅರಿವು ಕನಸಿನೊಳಗೇ ಇದ್ದರೆ ಅದು ‘ಲೂಸಿಡ್ ಡ್ರೀಮ್’. ಡಚ್ ಮನೋವೈದ್ಯ ಫ್ರೆಡರಿಕ್ ಫಾನ್ ಏಡನ್ ಈ ಹೆಸರನ್ನು ಚಾಲ್ತಿಗೆ ತಂದದ್ದು 1913ರಲ್ಲಿ. ‘ಲೂಸಿಯಾ’ ತೆರೆಕಂಡದ್ದು 2013ರ ಸೆಪ್ಟೆಂಬರ್ 6ರಂದು. ಸರಿಯಾಗಿ ನೂರು ವರ್ಷ! ಬೇಕೆಂದೇ ಮಾಡಿದ್ದಲ್ಲ, ಕಾಕತಾಳೀಯ ಅನ್ನಿ.

* ಲೂಸಿಡ್, ಲೂಸಿಯಾ ಎರಡರ ಬೇರೂ ಲ್ಯಾಟಿನ್ನಿನ ‘ಲುಕ್ಸ್’. ಅಂದರೆ ಬೆಳಕು. ಈಗ ನಿಕ್ಕಿಯ ಕೆಲಸ ನೋಡಿ. ಹಳೇ ಟಾಕೀಸಿನ ಕತ್ತಲಲ್ಲಿ ತಡವಾಗಿ ಬಂದವರಿಗೆ ಟಾರ್ಚ್ ಬಿಟ್ಟು ಸೀಟು ತೋರಿಸುವುದು. ಎಲ್ಲರೂ ಪರದೆ ನೋಡುತ್ತಿದ್ದರೆ ಇವನ ಬೆಳಕು ಮಾತ್ರ ಜನರ ಕಾಲ ಬುಡದಲ್ಲಿ. ಕನಸಿನಲ್ಲಿ ಅವನೇ ಸೂಪರ್‌ಸ್ಟಾರ್ ನಿಖಿಲ್.

* ನಿಕ್ಕಿಯ ಪಾತ್ರ ಮಾಡಿದ ಸತೀಶ್ ಹೆಸರಿಗಂಟಿದ ‘ನೀನಾಸಂ’ ಮನೆತನದ್ದಲ್ಲ, ಊರಿನದ್ದೂ ಅಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ರಂಗಶಾಲೆಯದು. ಟಾಕೀಸಿನ ಮಾಲೀಕ ಶಂಕ್ರಣ್ಣನಾದ ಅಚ್ಯುತ್ ಕುಮಾರ್ ಕೂಡ ಅದೇ ಅಂಗಳದವರು.

* ‘ಲೈಫು ಇಷ್ಟೇನೆ’ ಮಾಡಿ ಹೆಸರಾಗಿದ್ದರೂ ನಿರ್ದೇಶಕ ಪವನ್ ಕುಮಾರ್‌ಗೆ ಈ ಕತೆಗೆ ಗಾಂಧಿನಗರದಲ್ಲಿ ನಿರ್ಮಾಪಕರು ಸಿಗಲಿಲ್ಲ. ಬೇಸತ್ತು ಅಂತರ್ಜಾಲದಲ್ಲಿ ಬರೆದುಕೊಂಡರು. ಓದಿದವರು ಮರುಗಿ ಸುಮ್ಮನಾಗಲಿಲ್ಲ, ದುಡ್ಡು ಕಳಿಸಿದರು. 27 ದಿನದಲ್ಲಿ 110 ಮಂದಿಯಿಂದ 51 ಲಕ್ಷ ರೂಪಾಯಿ! ತಲೆಗೆ ಸರಾಸರಿ 46 ಸಾವಿರ ಚಿಲ್ಲರೆ. ಶೂಟಿಂಗೇ ಶುರುವಾಗದ ಸಿನಿಮಾಕ್ಕೆ ಅಷ್ಟು ಕೊಡಲು ಧೈರ್ಯ ಬೇಕು. ನಾನಂತೂ ಕೊಡುತ್ತಿರಲಿಲ್ಲ.

* ಹಾಗೆಂದು ಜನರೇ ಹಣ ಹಾಕಿದ ಭಾರತದ ಮೊದಲ ಚಿತ್ರ ಇದಲ್ಲ. 1976ರ ‘ಮಂಥನ್’ಗೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟಿದ್ದರು. ಶ್ಯಾಮ್ ಬೆನಗಲ್ ನಿರ್ದೇಶನದ ಆ ಹಿಂದಿ ಚಿತ್ರದಲ್ಲಿ ನಮ್ಮವರಿಬ್ಬರಿದ್ದಾರೆ: ಗಿರೀಶ್ ಕಾರ್ನಾಡ್, ಅನಂತ್ ನಾಗ್.

* ‘ಲೂಸಿಯಾ’ದ ಮೊದಲ ಪ್ರದರ್ಶನ ಬೆಂಗಳೂರಿನಲ್ಲಲ್ಲ, 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ. ಅಲ್ಲಿ ಗೆದ್ದದ್ದು ತೀರ್ಪುಗಾರರ ಪ್ರಶಸ್ತಿಯನ್ನಲ್ಲ, ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿಯನ್ನು. ದುಡ್ಡು ಹಾಕಿದವರೂ ಪ್ರೇಕ್ಷಕರೇ, ಬಹುಮಾನ ಕೊಟ್ಟವರೂ ಪ್ರೇಕ್ಷಕರೇ.

* ಸಂಗೀತ ನಿರ್ದೇಶಕ ಪೂರ್ಣಚಂದ್ರ ತೇಜಸ್ವಿಗೆ ಇದು ಮೊದಲ ಚಿತ್ರ. ನಾಯಕಿ ಶ್ರುತಿ ಹರಿಹರನ್‌ಗೆ ಕನ್ನಡದಲ್ಲಿ ಮೊದಲನೆಯದು.

* 2015ರಲ್ಲಿ ತಮಿಳಿಗೆ ಹೋಗಿ ‘ಎನಕ್ಕುಳ್ ಒರುವನ್’ ಆಯಿತು. ನಾಯಕ ಸಿದ್ಧಾರ್ಥ್. ನಾಯಕಿ ಮಾತ್ರ ಕನ್ನಡದ ಹುಡುಗಿ, ದೀಪಾ ಸನ್ನಿಧಿ.

* ಕೊನೆಯದಾಗಿ ಬಣ್ಣದ ಮಾತು. ಟಾರ್ಚ್ ಹುಡುಗನ ಬಡ ಬದುಕು ಬಣ್ಣಬಣ್ಣವಾಗಿದೆ, ಸೂಪರ್‌ಸ್ಟಾರನ ವೈಭವ ಕಪ್ಪು ಬಿಳುಪಿನಲ್ಲಿದೆ. ತಿರುವುಮುರುವು ಅನ್ನಿಸಿತೇ? ಕಾರಣ ಚಿತ್ರದ ಕೊನೆಯಲ್ಲಿದೆ. ನೋಡಿದವರು ದಯವಿಟ್ಟು ಪಕ್ಕದವರಿಗೆ ಹೇಳಬೇಡಿ.