ಡಿವಿಜಿ ಎಷ್ಟು ಗಂಟೆಗೆ ಬರುತ್ತೆ?

'ಡಿವಿಜಿ ಎಷ್ಟು ಗಂಟೆಗೆ ಬರುತ್ತೆ?'

ಕನ್ನಡ ಮೇಷ್ಟ್ರ ಎದುರು ಹೀಗೆ ಕೇಳಿದರೆ 'ಬರುತ್ತೆ ಅಲ್ಲವೋ, ಬರುತ್ತಾರೆ ಅನ್ನು' ಎಂದು ಕಿವಿ ಹಿಂಡಿಯಾರು! ಆದರೆ ಕೇಳಿದವನಿಗೆ ರೈಲಿನ ಹುಚ್ಚು ಹಿಡಿದಿದ್ದರೆ ಅವನ ವ್ಯಾಕರಣ ಸರಿಯಾಗಿಯೇ ಇದೆ. ರೈಲ್ವೆಯವರ ಲೆಕ್ಕದಲ್ಲಿ ದಾವಣಗೆರೆ ನಿಲ್ದಾಣದ ಸಂಕೇತಾಕ್ಷರ ಡಿವಿಜಿ. 'ಮಂಕುತಿಮ್ಮನ ಕಗ್ಗ'ದ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರಿಗೂ (1887–1975) ಈ ನಿಲ್ದಾಣಕ್ಕೂ ಯಾವ ನಂಟೂ ಇಲ್ಲ. ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಅವರ 'ಡಿ' ದೇವನಹಳ್ಳಿಯದು. ಊರಿನ ಇಂಗ್ಲಿಷ್ ಹೆಸರಿನಿಂದ ಮೂರಕ್ಷರ ಹೆಕ್ಕಿದಾಗ ಕವಿಯೊಬ್ಬರು ಸಿಕ್ಕಿಬಿಟ್ಟರು, ಅಷ್ಟೆ.

ದಾವಣಗೆರೆಗೆ ಸೇರಿಹೋಗಿರುವ ಶಾಮನೂರಿನವರಿಗೆ ಈ ಬಗೆಯ ತಬ್ಬಿಬ್ಬು ಹೊಸದೇನಲ್ಲ. ಅವರ ಊರಿನ ಹೆಸರು ರಾಜಕೀಯದಲ್ಲಿ ಹೆಸರಾದ ಮನೆತನದ ಹೆಸರೂ ಹೌದು. 'ಶಾಮನೂರು ಬಂತು' ಎಂದರೆ ಊರು, 'ಶಾಮನೂರು ಬಂದರು' ಎಂದರೆ ಆಳು! ಕ್ರಿಯಾಪದದ ಕೊನೆಯಲ್ಲಿ ಗುಟ್ಟನ್ನು ಬಿಟ್ಟುಕೊಡುವ ಈ ಸೌಕರ್ಯ ಕನ್ನಡಕ್ಕಿದೆ. ಪಾಪ, ಇಂಗ್ಲಿಷಿನ ಮೂರಕ್ಷರಗಳಿಗೆ ಅದು ಇಲ್ಲ.

ತಂತಿ ಸಂದೇಶದ ಕಾಲದಲ್ಲಿ ಊರಿನ ಪೂರ್ತಿ ಹೆಸರು ಕುಟ್ಟುತ್ತ ಕೂರಲಾಗದೆ ಹುಟ್ಟಿಕೊಂಡ ಈ ಸಂಕೇತಗಳು ಕಂಪ್ಯೂಟರಿನ ಕಾಲದಲ್ಲೂ ಉಳಿದಿವೆ. ರೈಲುಪ್ರಿಯ ಹುಡುಗರಿಗಂತೂ ಅವು ಆಟದ ಸಾಮಾನು. ಅರಸೀಕೆರೆಯದು ಎಎಸ್‌ಕೆ, ಅಂದರೆ 'ಆಸ್ಕ್'. ಏನು ಬೇಕಾದರೂ ಕೇಳಿ. ಹಾಸನದ್ದು 'ಹ್ಯಾಸ್'. ವಡೆಗೆ ಹೆಸರಾದ ಮದ್ದೂರು ಎಂಎಡಿ, 'ಮ್ಯಾಡ್'! ದಾವಣಗೆರೆಯಿಂದ ಹುಬ್ಬಳ್ಳಿ ಕಡೆಗೆ ಹೊರಟರೆ ಹರಿಹರ, ರಾಣೇಬೆನ್ನೂರು ದಾಟಿದ ಮೇಲೆ ದೇವರಗುಡ್ಡ. ಅದರ ಸಂಕೇತ ಡಿಎಡಿ. 'ಡ್ಯಾಡ್ ಬಂತು' ಎಂದು ಮಗ ಕೂಗಿದರೆ ಅಪ್ಪ ತಿರುಗಿ ನೋಡಬೇಕಾಗಿಲ್ಲ. ಇನ್ನು ಬೀರೂರು ಜಂಕ್ಷನ್ ಆರ್‌ಆರ್‌ಬಿ. ರೈಲ್ವೆ ನೇಮಕಾತಿ ಮಂಡಳಿಯೂ ಆರ್‌ಆರ್‌ಬಿಯೇ. ವರ್ಷಗಟ್ಟಲೆ ಓದಿದರೂ ಆರ್‌ಆರ್‌ಬಿ ದಾಟಲಾಗದವನು ಅರಸೀಕೆರೆ ಕಡೆಯ ರೈಲು ಹತ್ತಿದರೆ ನಿದ್ದೆಯಲ್ಲೇ ದಾಟಿರುತ್ತಾನೆ.

ಮನೆಯವರು ನಿಜಕ್ಕೂ ಗಾಬರಿಯಾಗುವುದು ಬೇರೆ ಮಾತಿಗೆ. 'ಅಮ್ಮಾ, ಇವತ್ತು ಸ್ಟೇಷನ್ನಿನಲ್ಲಿ ಒಟ್ಟಿಗೆ ಎರಡು ಆಲ್ಕೋ ಸಿಕ್ಕಿತು' ಎಂದು ಮಗ ಕುಣಿಯುತ್ತ ಬಂದರೆ ಯಾವ ತಾಯಿಯ ಎದೆ ಧಸಕ್ಕೆನ್ನದು? ಅದು ಕುಡಿಯುವ ಪದಾರ್ಥವಲ್ಲ. ಅಮೆರಿಕನ್ ಲೋಕೋಮೋಟಿವ್ ಕಂಪನಿಯ ವಿನ್ಯಾಸದಲ್ಲಿ ವಾರಾಣಸಿಯ ಕಾರ್ಖಾನೆ 1960ರ ದಶಕದಿಂದ ತಯಾರಿಸಿದ ಡೀಸೆಲ್ ಎಂಜಿನ್ನು. ವಿದ್ಯುತ್ ಮಾರ್ಗಗಳು ಹೆಚ್ಚಿದ ಮೇಲೆ ಅವು ಅಪರೂಪವಾಗಿವೆ; ಹುಡುಗನ ಸಂಭ್ರಮಕ್ಕೆ ಅದೇ ಕಾರಣ. ಹಾಗೆಯೇ 'ಬ್ಯಾಂಕರ್' ಎಂದರೆ ಬ್ಯಾಂಕಿನ ನೌಕರರಲ್ಲ, ಸಕಲೇಶಪುರ ಘಟ್ಟದಂಥ ಏರಿನಲ್ಲಿ ರೈಲನ್ನು ಹಿಂದಿನಿಂದ ದೂಡುವ ಎಂಜಿನ್ನು. 'ಫಿಶ್‌ಪ್ಲೇಟ್' ಮೀನೂಟದ ತಟ್ಟೆಯಲ್ಲ, ಎರಡು ಹಳಿಗಳ ತುದಿಯನ್ನು ಬೋಲ್ಟು ಹಾಕಿ ಕೂಡಿಸುವ ಉಕ್ಕಿನ ಪಟ್ಟಿ. 'ಸ್ಲೀಪರ್' ಮೇಲೆ ನಾವು ಮಲಗುತ್ತೇವೆ. ಇನ್ನೊಂದು 'ಸ್ಲೀಪರ್' ಹಳಿಯ ಕೆಳಗೆ ತಾನೇ ಅಡ್ಡ ಮಲಗಿರುತ್ತದೆ.

ಬೋಗಿಯದಂತೂ ದೊಡ್ಡ ಜಗಳ. ನಾವು ಡಬ್ಬಿಗೆಲ್ಲ ಬೋಗಿ ಎನ್ನುತ್ತೇವೆ. ಎಂಜಿನಿಯರುಗಳಿಗೆ ಬೋಗಿ ಎಂದರೆ ಡಬ್ಬಿಯ ಕೆಳಗಿರುವ ಗಾಲಿಗಳ ಚೌಕಟ್ಟು ಮಾತ್ರ. ಸಾಮಾನ್ಯವಾಗಿ ಒಂದು ಡಬ್ಬಿಗೆ ಎರಡು. 'ಹದಿನೆಂಟು ಬೋಗಿಯ ರೈಲು' ಎಂದು ಅಜ್ಜ ಹೇಳಿದರೆ ಮೊಮ್ಮಗ 'ಮೂವತ್ತಾರು' ಎಂದು ತಿದ್ದುತ್ತಾನೆ. ಇಬ್ಬರೂ ಎಣಿಸಿದ್ದು ಸರಿಯೇ! ಆದರೆ ಕನ್ನಡದಲ್ಲಿ ಬೋಗಿ ಎಂದರೆ ಡಬ್ಬಿ ಎಂದು ಎಂದೋ ತೀರ್ಮಾನವಾಗಿಹೋಗಿದೆ. ಮೊಮ್ಮಗ ಸ್ವಲ್ಪ ಸುಮ್ಮನಿರುವುದು ಲೇಸು.

ನಮ್ಮ ಭಾಷೆಯೇನೂ ಕಡಿಮೆಯಿಲ್ಲ. ಉಗಿಬಂಡಿಯ 'ಉಗಿ'ಯಲ್ಲಿ ಹಬೆಯೂ ಇದೆ, ಬೈಗುಳವೂ ಇದೆ. ತಡವಾಗಿ ಬಂದರೆ ಎರಡನೆಯ ಅರ್ಥವೇ ಸರಿಹೊಂದುತ್ತದೆ. ಹಳಿಗೆ ಕಂಬಿ ಎಂದೂ ಹೆಸರು. ಕಳ್ಳ ಮೊದಲು ಕಂಬಿ ಕೀಳುತ್ತಾನೆ, ಸಿಕ್ಕಿಬಿದ್ದ ಮೇಲೆ ಕಂಬಿ ಎಣಿಸುತ್ತಾನೆ. ಬಡಾಯಿ ಕೊಚ್ಚುವವನು ಹಳಿಯ ಹಂಗಿಲ್ಲದೆ ರೈಲು ಬಿಡುತ್ತಾನೆ. ಇನ್ನು ಶಾಲೆಯಲ್ಲಿ ಟಿಸಿ ಎಂದರೆ ವರ್ಗಾವಣೆ ಪತ್ರ, ನಿಲ್ದಾಣದಲ್ಲಿ ಟಿಕೆಟ್ ಕೇಳುವವರು. ಒಂದನ್ನು ತೆಗೆದುಕೊಂಡು ಹೋಗಬೇಕು, ಇನ್ನೊಬ್ಬರು ಹಿಡಿದುಕೊಂಡು ಹೋಗದಂತೆ ನೋಡಿಕೊಳ್ಳಬೇಕು.

ನಗು ಇಲ್ಲಿಯವರೆಗೆ ಸರಿ. ಪರೀಕ್ಷೆಗೋ ಸಂದರ್ಶನಕ್ಕೋ ಹೊರಟ ವಿದ್ಯಾರ್ಥಿ ಅಕ್ಷರಗಳನ್ನು ತಪ್ಪಾಗಿ ಓದಿದರೆ ಒಂದು ವರ್ಷದ ಶ್ರಮವೇ ಕೈತಪ್ಪೀತು. 'ಡಬ್ಲ್ಯೂಎಲ್ 1' ಎಂದರೆ ಮೊದಲ ಸ್ಥಾನವಲ್ಲ. ಕಾದವರ ಸಾಲಿನಲ್ಲಿ ಮೊದಲಿಗ, ಇನ್ನೂ ಜಾಗ ಸಿಕ್ಕಿಲ್ಲ. ಇಂಟರ್ನೆಟ್ಟಿನಲ್ಲಿ ಪಡೆದ ಟಿಕೆಟಾದರೆ, ಪಟ್ಟಿ ಸಿದ್ಧವಾದಾಗಲೂ ಅದು ಹಾಗೆಯೇ ಉಳಿದಿದ್ದರೆ ತಾನಾಗಿ ರದ್ದಾಗುತ್ತದೆ. 'ಆರ್‌ಎಸಿ' ಎಂದಿದ್ದರೆ ಮಲಗಲು ಖಾತ್ರಿಯಿಲ್ಲದಿದ್ದರೂ ಹತ್ತಿ ಕುಳಿತುಕೊಳ್ಳಬಹುದು. ಬೆಂಗಳೂರಿನಿಂದ ಮರಳುವಾಗ ಇನ್ನೂ ಎಚ್ಚರ ಬೇಕು. ಸಂಗೊಳ್ಳಿ ರಾಯಣ್ಣನ ಹೆಸರಿನ ಕೆಎಸ್‌ಆರ್ ನಿಲ್ದಾಣದ ಸಂಕೇತ ಇಂದಿಗೂ ಎಸ್‌ಬಿಸಿ, ಯಶವಂತಪುರದ್ದು ವೈಪಿಆರ್, ಬೈಯಪ್ಪನಹಳ್ಳಿ ಬಳಿ 2022ರಲ್ಲಿ ಆರಂಭವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನದು ಎಸ್‌ಎಂವಿಬಿ. ಮೂರೂ ಬೆಂಗಳೂರೇ. ಆದರೆ ಒಂದರಲ್ಲಿ ಹೊರಡುವ ರೈಲಿಗೆ ಇನ್ನೊಂದರಲ್ಲಿ ಕಾದರೆ ಊರಿನ ಸಂಚಾರದಲ್ಲಿ ಹಿಡಿಯುವುದು ಕಷ್ಟ.

ಸ್ಟೇಷನ್ ಮಾಸ್ತರರಿಗಂತೂ ಈ ಆಟ ಸಲ್ಲದು. ಮುಂದಿನ ನಿಲ್ದಾಣದವರು 'ಲೈನ್ ಕ್ಲಿಯರ್' ಎಂದರೆ ರೈಲು ಬರಲು ಹಳಿ ತೆರವಾಗಿದೆ ಎಂದರ್ಥ. ಆ ಮಾತನ್ನು ಫೋನಿನಲ್ಲಿ ಹೇಳಿಕೊಳ್ಳಬೇಕಾದಾಗ ಬಾಯಿಮಾತೊಂದನ್ನೇ ನಂಬುವಂತಿಲ್ಲ. ತಮ್ಮ ಬಳಿಯ ಗುಪ್ತಪಟ್ಟಿಯಿಂದ ಒಂದು ಅಂಕಿಯನ್ನು, ಅದಕ್ಕೆ 'ಪ್ರೈವೇಟ್ ನಂಬರ್' ಎನ್ನುತ್ತಾರೆ, ಅವರು ಹೇಳುತ್ತಾರೆ. ಇವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಹಸಿರು ದೀಪ.